ಕೂಗಾಡಲು ಒಂದು ಜಾಗ

ಗುಬ್ಬಿ, ಬುಗುರಿ ಇಬ್ಬರೂ ಅವಳಿಗಳು. ಗುಬ್ಬಿ ಹೆಣ್ಣು, ಬುಗುರಿ ಗಂಡು. ಶಾಲೆಗೆ ಹೋಗಲು ಶುರುಮಾಡಿದ್ದರು. ಆ ವಯಸ್ಸಿನ ಎರಡು ಮಕ್ಕಳು ಒಂದು ಮನೆಯಲ್ಲಿದ್ದರೆ ಮಾಡು ಹಾರಿಹೋಗುವಷ್ಟು ಗಲಾಟೆ ಇರಬೇಕು. ಇವರ ಮನೆಯಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ಕಾರಣ ಅಪ್ಪ. ಅವನು ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಊರು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಹೊತ್ತಿಗೆ ಅವನು ಹಿಟ್ಟು ನಾದುತ್ತಿದ್ದ. ಊರು ಉಣ್ಣಲು ಕೂರುವ ಹೊತ್ತಿಗೆ ಮನೆಗೆ ಬಂದು, ಒಂದಿಷ್ಟು ತಿಂದು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅವನು ಕೋಣೆಯಲ್ಲಿ ಮಲಗಿದರೆ ಉಳಿದವರೆಲ್ಲ ಅಡುಗೆಮನೆಯಲ್ಲಿ. ಅಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು, ಸೊಸೆ, ಅಂದರೆ ಮಕ್ಕಳ ಅಮ್ಮ, ಹೊಲಿಗೆ ಯಂತ್ರ ಮುಟ್ಟದೆ ಕೈಹೊಲಿಗೆ ಹಾಕುತ್ತಿದ್ದಳು, ಮಕ್ಕಳು ಪಿಸುಪಿಸು ಜಗಳವಾಡುತ್ತಿದ್ದರು. ನಗು ಬಂದರೆ ಬಾಯಿ ದೊಡ್ಡದಾಗಿ ತೆರೆದು, ಸದ್ದಿಲ್ಲದೆ ಹೊಟ್ಟೆ ಕುಣಿಸುವುದನ್ನು ಇಬ್ಬರೂ ಕಲಿತಿದ್ದರು. ನೋಡಿದವರಿಗೆ ತಮಾಷೆ, ಹೆತ್ತವಳಿಗೆ ಕರುಳು ಚುರುಕ್ಕೆನ್ನುತ್ತಿತ್ತು.

"ನಿಮ್ಮ ಮಕ್ಕಳು ಚುರುಕು. ಆದ್ರೆ ಉತ್ತರ ಹೇಳಿದ್ರೆ ನನಗೇ ಕೇಳಿಸಲ್ಲ, ಬಗ್ಗಿ ಕಿವಿ ಕೊಡಬೇಕು," ಎಂದು ಶಾಲೆಯ ಟೀಚರ್ ಒಮ್ಮೆ ಹೇಳಿದ್ದರು.

ಈ ಹೆತ್ತವಳಿಗೆ ಪರದೆಯಕ್ಕ ಎಂದು ಅಡ್ಡಹೆಸರು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಅವಳ ಕಸುಬು. ಟೇಪು ಹಿಡಿದು ಮನೆಮನೆಗೆ ಹೋಗಿ, ಸ್ಟೂಲು ಹತ್ತಿ ಕಿಟಕಿ ಅಳೆದು ಬರುತ್ತಿದ್ದಳು. ಎಂಥೆಂಥ ಮನೆಗಳ ಒಳಹೊಕ್ಕು ಬಂದರೂ ಅವಳಿಗೆ ಯಾರ ಸೋಫಾ ಮೇಲೂ ಆಸೆ ಹುಟ್ಟಿದ್ದಿಲ್ಲ. ಕಿಟಕಿಯಾಚೆ ಮಕ್ಕಳು ಆಡುವುದು ಕಂಡರೆ ಮಾತ್ರ ಅಳತೆ ಮರೆತು ನಿಂತುಬಿಡುತ್ತಿದ್ದಳು.

ಹೀಗಿರುವಾಗ ಬೇಕರಿಯ ಯಜಮಾನರು ಒಲೆ, ಯಂತ್ರ, ತಟ್ಟೆಗಳ ಸಮೇತ ಬೇಕರಿಯನ್ನು ಊರಿನ ಆ ತುದಿಗೆ ಸಾಗಿಸುವುದಾಗಿ ಹೇಳಿದರು. ಅಷ್ಟು ಬೇಗ ಕೆಲಸಕ್ಕೆ ಹೋಗುವವನಿಗೆ ಬಸ್ಸು ಎಲ್ಲಿಂದ ಬರಬೇಕು? ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಲೇಬೇಕಾಯಿತು.

ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಪರದೆಯಕ್ಕನ ಎದೆಯಲ್ಲಿ ಮಾತ್ರ ಗೆಜ್ಜೆ ಕಟ್ಟಿದಂತಾಯಿತು.

"ಪಾರ್ಕ್ ಹತ್ತಿರ ಇರೋ ಮನೆ ನೋಡೋಣ ರೀ!" ಎಂದಳು.

"ಸದ್ದಿಲ್ಲದ ಮನೆ ನೋಡೋಣ," ಎಂದ ಅವನು.

"ಮೆಟ್ಟಿಲಿಲ್ಲದ ಮನೆ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಗಾಡೀಲಿ ಕೂತ ಮುದುಕೀನ ಯಾರು ಕೇಳ್ತಾರೆ!"

ಆ ಭಾನುವಾರ ಮೈದುನ ತನ್ನ ವ್ಯಾನು ತಂದ. ಅವನು ಅಂಗಡಿ ಅಂಗಡಿಗೆ ಬಿಸ್ಕತ್ತು ಹಾಕುವವನು. ಯಾವ ಬೀದಿಯಲ್ಲಿ ಯಾವ ಮನೆ ಖಾಲಿ, ಯಾಕೆ ಖಾಲಿ, ಹಿಂದಿದ್ದವರು ಯಾರ ಜೊತೆ ಜಗಳವಾಡಿದ್ದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಿಂದೆ ಬಿಸ್ಕತ್ತಿನ ಡಬ್ಬಗಳ ನಡುವೆ ಮಕ್ಕಳು, ಮುಂದೆ ಅತ್ತೆ, ಮಧ್ಯೆ ಗಂಡ ಹೆಂಡತಿ. ಇಡೀ ಸಂಸಾರ ಮನೆ ನೋಡಲು ಹೊರಟಿತು.

"ಅತ್ತಿಗೆ, ಇವತ್ತು ತೋರಿಸೋ ಮನೆ ನೋಡಿದ್ರೆ ನೀವು ಕಣ್ಣು ಬಾಯಿ ಬಿಡ್ತೀರ. ಹೊಸ ಕಟ್ಟಡ, ಲಿಫ್ಟಿದೆ, ಪಾರ್ಕೂ ಇದೆ!" ಎಂದ ಮೈದುನ.

ಹೊಸ ಕಟ್ಟಡವೇನೋ ನಿಜವೇ. ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗಂಡ ಹಿಂಬದಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವನು ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಇವಳು ತೆರೆದು ನೋಡಿದರೆ ಕಣ್ಣು ಮುಚ್ಚಿ ಗೋಡೆಗೊರಗಿ ನಿಂತಿದ್ದಾನೆ, ಮುಖದಲ್ಲಿ ಜಗತ್ತಿನ ಸುಖವೆಲ್ಲ.

"ಕೇಳು," ಎಂದ.

"ಏನು?"

"ಏನೂ ಇಲ್ಲ! ಏನೇನೂ ಕೇಳಿಸ್ತಿಲ್ಲ!"

ಅವಳಿಗೂ ಒಂದು ಗಳಿಗೆ ಆಸೆಯಾಯಿತು. ಪಾಪ, ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಕಾಣದ ಮನುಷ್ಯ. ಆದರೂ ಮಕ್ಕಳ ಕೈ ಹಿಡಿದು ಪಾರ್ಕ್ ನೋಡಲು ಇಳಿದಳು. ಎರಡು ಕಟ್ಟಡಗಳ ಸಂದಿಯಲ್ಲಿ ಕಂಬಳಿ ಹಾಸಿದಂತೆ ಒಂದು ತುಂಡು ಹುಲ್ಲು, ಸುತ್ತ ಕತ್ತರಿಸಿದ ಗಿಡಗಳ ಸಾಲು, ಕೂರಲು ಒಂದೇ ಒಂದು ಕಲ್ಲು. ಅದರ ಪಕ್ಕದಲ್ಲಿ ಫಲಕ. ಗುಬ್ಬಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ಹುಲ್ಲು ತುಳಿಯಬಾರದು. ಚೆಂಡು ತರಬಾರದು. ಗಲಾಟೆ ಮಾಡಬಾರದು.

ಓದಿ ಮುಗಿಸಿ ಅಮ್ಮನ ಸೆರಗು ಜಗ್ಗಿ, ಪಿಸುದನಿಯಲ್ಲಿ ಕೇಳಿದಳು: "ಅಮ್ಮ, ಇಲ್ಲೂ ಯಾರದಾದ್ರೂ ಅಪ್ಪ ಮಲಗಿದಾರಾ?"

ಪರದೆಯಕ್ಕ ನಗಬೇಕೋ ಅಳಬೇಕೋ ತಿಳಿಯದೆ ಮಗಳ ತಲೆ ಸವರಿದಳು. ಅತ್ತೆಯಂತೂ ಲಿಫ್ಟಿನಿಂದ ಇಳಿದವರೇ ಎದೆ ಹಿಡಿದುಕೊಂಡು, "ಇದ್ರೊಳಗೆ ದಿನಾ ಹತ್ತಿ ಇಳಿಯೋ ಬದಲು ಮೇಲೇ ಹೋಗಿಬಿಡೋದು ವಾಸಿ," ಎಂದರು. ಗಂಡ ಮಾತ್ರ, "ಇದೇ ಇರಲಿ ಅಲ್ವಾ?" ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ. ಯೋಚಿಸಿ ಹೇಳುತ್ತೇವೆಂದು ಆ ಮನೆಯವರಿಗೆ ಹೇಳಿ ಬಂದರು.

ಅದೇ ವಾರ ಹೊಸ ಬೇಕರಿ ಇರುವ ಬಡಾವಣೆಯಿಂದಲೇ ಅವಳಿಗೊಂದು ಪರದೆ ಕೆಲಸ ಬಂತು. ಮೂರನೇ ಮಹಡಿಯ ಮನೆ. ಪರದೆಯಕ್ಕ ಸ್ಟೂಲು ಹತ್ತಿ ಟೇಪು ಬಿಚ್ಚಿ, ಹೊರಗೆ ಕಣ್ಣು ಹಾಯಿಸಿದಳು, ಅಷ್ಟೇ. ಟೇಪು ಕೈಯಿಂದ ಜಾರಿ ಸರ್ರನೆ ಸುರುಳಿ ಸುತ್ತಿಕೊಂಡು ಕೋಣೆಯ ನೆಲಕ್ಕೆ ಬಿತ್ತು.

ಕಿಟಕಿಯಾಚೆ ಕೆಳಗಿದ್ದದ್ದು ಪಾರ್ಕು. ಎಂಥ ಪಾರ್ಕು! ನಡುವೆ ಕೊಡೆ ಬಿಚ್ಚಿದಂಥ ದೊಡ್ಡ ಮರ, ಅದರ ಬುಡದ ಸುತ್ತ ಕಟ್ಟೆ. ಕಟ್ಟೆಯ ಮೇಲೆ ಹರಟುವ ಅಜ್ಜಂದಿರು. ಒಂದು ಕಡೆ ದೊಡ್ಡ ಮಕ್ಕಳಿಗೆ ಎತ್ತರದ ಜಾರುಬಂಡೆ, ಇನ್ನೊಂದು ಕಡೆ ಈಗಷ್ಟೇ ನಡೆಯಲು ಕಲಿತವರಿಗೆ ಮೊಣಕಾಲೆತ್ತರದ್ದು. ಮರಳಿನ ಗುಂಡಿ, ಅಲ್ಲಿ ಕೂತೇ ಕೈಗೆಟುಕುವ ನಲ್ಲಿ. ವಯಸ್ಸಾದವರು ಕಾಲು ಎಳೆದುಕೊಂಡು ನಡೆಯಲು ಸಮತಟ್ಟಾದ ದಾರಿ. ಮಕ್ಕಳು ಬೀದಿಗೆ ಓಡಿಬಿಡದಂತೆ ಚಿಲಕವಿರುವ ಗೇಟು. ಮತ್ತೆ ಗದ್ದಲ! ಮುಚ್ಚಿದ ಗಾಜಿನ ಮೂಲಕವೂ ಒಳಗೆ ನುಗ್ಗಿ ಬರುತ್ತಿದ್ದ ಗದ್ದಲ.

ಪಾರ್ಕಿಗೂ ಮನೆಗಳಿಗೂ ನಡುವೆ ಗಾಡಿ ಓಡಾಡದ ಕಿರುದಾರಿ. ಆ ದಾರಿಯಲ್ಲಿ ನೀಲಿ ಬಾಗಿಲಿನ ಒಂದು ಮನೆ, ಬಾಗಿಲ ಮೇಲೆ ಹಲಗೆ. ಅಷ್ಟು ದೂರದಿಂದ ಓದಲಾಗಲಿಲ್ಲ. ಆದರೆ ಬಾಡಿಗೆಗಿದೆ ಎಂದಲ್ಲದೆ ಮತ್ತೇನು ಬರೆದಿರುತ್ತದೆ? ಇನ್ನೂ ಕತ್ತೆತ್ತಿ ನೋಡಿದರೆ, ಎರಡು ಬೀದಿಯಾಚೆ ಹೊಸದಾಗಿ ಬಣ್ಣ ಬಳಿದ ಚಿಮಣಿ. ಗಂಡನ ಬೇಕರಿಯದೇ!

"ಏನಾಯ್ತಮ್ಮ?" ಎಂದರು ಆ ಮನೆಯಾಕೆ.

"ಏನಿಲ್ಲ... ನಿಮ್ಮ ಕಿಟಕಿ ತುಂಬಾ ಚೆನ್ನಾಗಿದೆ," ಎಂದಳು ಪರದೆಯಕ್ಕ. ಅವತ್ತು ಅಳತೆಯನ್ನು ತಪ್ಪಾಗಿ ತೆಗೆದು, ಮತ್ತೆ ತೆಗೆದು, ಅಂತೂ ಮುಗಿಸಿ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ನೀಲಿ ಬಾಗಿಲಿನ ಮನೆಯ ಒಡತಿ ಮಹಡಿಯ ಮೇಲಿದ್ದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಮಾತು ಚುಟುಕು, ನೋಟ ಚೂಪು. ಕೆಳಗಿನ ಮನೆ ಎರಡು ಕೋಣೆಯದು, ಮೆಟ್ಟಿಲಿಲ್ಲ, ಮಕ್ಕಳ ಶಾಲೆಯ ಬಸ್ಸು ಮೂಲೆಯಲ್ಲೇ ನಿಲ್ಲುತ್ತದೆ. ಕೇಳುತ್ತ ಕೇಳುತ್ತ ಪರದೆಯಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಆದ್ರೆ ಇನ್ನೊಬ್ಬರು ನೋಡ್ಕೊಂಡು ಹೋಗಿದಾರೆ," ಎಂದರು ಒಡತಿ. "ನಾಳೆ ಮತ್ತೆ ಬರ್ತಾರೆ. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಮೊದಲು ಹೂಂ ಅಂದವರಿಗೆ ಕೀಲಿ. ಮನೇಲಿ ಎಲ್ಲರನ್ನೂ ಕೇಳ್ಕೊಂಡು ಬನ್ನಿ. ಆಮೇಲೆ ಗದ್ದಲ ಅಂತ ನನ್ನ ಹತ್ರ ಬರಬಾರದು."

ಗಂಡ ಎದ್ದು ಮುಖ ತೊಳೆಯುವುದನ್ನೇ ಕಾದಿದ್ದು ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮರ, ಮರಳು, ನಲ್ಲಿ, ಚಿಮಣಿ. ಅವನು ಮುಖದ ನೀರನ್ನೂ ಒರೆಸಿಕೊಳ್ಳದೆ ನಿಂತ.

"ಪಾರ್ಕ್ ಎದುರಾ? ಅಲ್ವೇ, ನಾನು ಮಲಗೋದು ಬೇಡ್ವಾ?"

"ಮಕ್ಕಳು ಬಾಯಿ ಬಿಡೋದು ಬೇಡ್ವಾ?"

"ಇಲ್ಲಿ ಒಂದು ಚಮಚ ಬಿದ್ರೆ ಎಚ್ಚರ ಆಗುತ್ತೆ ನನಗೆ. ಅಲ್ಲಿ ಊರಿನ ಮಕ್ಕಳೆಲ್ಲ ಕಿವೀಲಿ ಕೂತು ಕೂಗಿದ್ರೆ? ನಿದ್ದೆಗೆಟ್ಟು ಒಲೆ ಮುಂದೆ ನಿಂತು ಕೈ ಸುಟ್ಕೊಂಡ್ರೆ?"

ಅದೂ ಸುಳ್ಳಲ್ಲ. ಆದರೂ ವಾದ ಬಿಸಿಯಾಗಿಯೇ ನಡೆಯಿತು. ಅವನು ಎದ್ದೇ ಇದ್ದರೂ ಗಂಡ ಹೆಂಡತಿ ಇಬ್ಬರೂ ಪಿಸುಗುಟ್ಟಿಕೊಂಡೇ ಜಗಳವಾಡುತ್ತಿದ್ದರು. ಆ ಮನೆಗೆ ಬೇರೆ ದನಿಯೇ ಮರೆತುಹೋಗಿತ್ತು. ಕೊನೆಗೆ ಅವಳು, "ಒಂದು ಸಲ ಬಂದು ನೋಡಿ. ಆಮೇಲೆ ನೀವು ಹೇಳಿದ ಹಾಗೆ," ಎಂದಳು.

"ಆಗಲಿ. ನಾಳೆ ಕೆಲಸ ಮುಗಿಸಿ ಅಲ್ಲಿಗೇ ಬರ್ತೀನಿ. ಆ ಗದ್ದಲಾನ ಕಿವಿಯಾರೆ ಕೇಳಿ, ಆಮೇಲೇ ಬೇಡ ಅಂತೀನಿ."

ಮರುದಿನ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಮೈದುನ ಅತ್ತೆಯನ್ನೂ ಮಕ್ಕಳನ್ನೂ ಪರದೆಯಕ್ಕನನ್ನೂ ಪಾರ್ಕಿನ ಬಾಗಿಲಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋದ. ಅತ್ತೆ ಮರದ ನೆರಳಿನ ಬೆಂಚು ಹಿಡಿದರು. ಗುಬ್ಬಿ ಬುಗುರಿ ಒಬ್ಬರ ಕೈ ಒಬ್ಬರು ಹಿಡಿದು, ಯಾರದೋ ಮನೆಗೆ ಕರೆಯದೆ ಬಂದ ನೆಂಟರಂತೆ ನಿಂತರು.

"ಹೋಗಿ ಆಡ್ರೋ!" ಎಂದಳು.

ಹೋದರು. ಜಾರುಬಂಡೆಯ ಏಣಿಯ ಬುಡದಲ್ಲಿ ನಿಂತು ಬುಗುರಿ, "ಈಗ ನಂದು ಸರದಿ," ಎಂದ. ಯಾರಿಗೂ ಕೇಳಿಸಲಿಲ್ಲ. ಒಬ್ಬ ನುಗ್ಗಿದ, ಇನ್ನೊಬ್ಬಳು ನುಗ್ಗಿದಳು. "ನಂದು ಸರದಿ," ಬುಗುರಿ ಮತ್ತೆ ಪಿಸುಗುಟ್ಟಿದ. ಗುಬ್ಬಿಯೂ ಪಿಸುಗುಟ್ಟಿದಳು. ನುಗ್ಗುವವರು ನುಗ್ಗುತ್ತಲೇ ಇದ್ದರು.

"ಜೋರಾಗಿ ಹೇಳ್ರೋ!"

"ಅಮ್ಮ, ಬೈತಾರೆ," ಎಂದಳು ಗುಬ್ಬಿ.

"ಇಲ್ಲಿ ಯಾರೂ ಬೈಯಲ್ಲ ಕಣೇ. ಕೂಗೋದಕ್ಕೇ ಇರೋ ಜಾಗ ಇದು!"

ಮಕ್ಕಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಪರದೆಯಕ್ಕ ಸುತ್ತ ನೋಡಿದಳು. ಅಜ್ಜಂದಿರು ಇದ್ದರು, ತಾಯಂದಿರು ಇದ್ದರು. ಆದದ್ದಾಗಲಿ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಬಾಯಿಗೆ ಹಿಡಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು:

"ಹೋ...ಯ್!"

ಮರದ ಹಕ್ಕಿಗಳು ಎದ್ದವು. ಅಜ್ಜಂದಿರ ಹರಟೆ ನಿಂತಿತು. ಅವಳ ಮುಖ ಕೆಂಡವಾಯಿತು. ತನ್ನ ದನಿ ಇಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅತ್ತೆ ಬೆಂಚಿನಿಂದ ನೋಡುತ್ತಿದ್ದರು. ಈಗ ನನಗೆ ಮಂಗಳಾರತಿ ಎಂದುಕೊಳ್ಳುವಷ್ಟರಲ್ಲಿ, ಅತ್ತೆ ಕೋಲೂರಿ ಎದ್ದು ನಿಂತು, ಬೊಚ್ಚುಬಾಯಿ ಅಗಲಿಸಿ, "ಹೂ...ಯ್!" ಎಂದು ಅದಕ್ಕಿಂತ ಜೋರಾಗಿ ಕೂಗಿದರು.

ಗುಬ್ಬಿಯ ಕಣ್ಣು ಇಷ್ಟಗಲವಾದವು. ಮೊದಲು ಗುಬ್ಬಿಯಿಂದ ಕೀಚಲು ದನಿಯೊಂದು ಬಂತು, ತುಕ್ಕು ಹಿಡಿದ ಬಾಗಿಲು ತೆರೆದಂತೆ. ಇನ್ನೊಂದು ಬಂತು. ಮೂರನೆಯದು ಕಿವಿ ಸೀಳಿತು. "ನಂದು ಸರದೀ!" ಎಂದು ಬುಗುರಿ ಆರ್ಭಟಿಸಿದ ರೀತಿಗೆ ಏಣಿಯ ಮೇಲಿದ್ದ ದಾಂಡಿಗ ಹುಡುಗ ಎರಡು ಮೆಟ್ಟಿಲು ಇಳಿದು ದಾರಿ ಬಿಟ್ಟ. ಆಮೇಲೆ ಕೇಳಬೇಕೇ! ಕಟ್ಟೆಯೊಡೆದ ಕೆರೆ. ಜಾರುವಾಗ ಕೂಗು, ಏರುವಾಗ ಕೂಗು, ಸುಮ್ಮನೆ ನಿಂತರೂ ಕೂಗು. ಪರದೆಯಕ್ಕ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಅತ್ತೆಯ ಕೈ ಹಿಡಿದು ಕೂತಳು. ಅತ್ತೆಗೆ ಕೆಮ್ಮು ಬಂದಿತ್ತು, ಆದರೂ ನಗು ನಿಂತಿರಲಿಲ್ಲ.

ಆ ಹೊತ್ತಿಗೆ ಗಂಡ ಬಂದ. ಕೂದಲಲ್ಲಿ ಹಿಟ್ಟು, ಕಣ್ಣು ಕೆಂಪು. ಮರಳಲ್ಲಿ ಉರುಳಾಡುತ್ತ ಅರಚುತ್ತಿದ್ದ ಎರಡು ಮಕ್ಕಳನ್ನು ನೋಡಿ, "ಇವು ನಮ್ಮವೇನಾ?" ಎಂದ.

"ಬೇರೆ ಯಾರದ್ದಾದ್ರೂ ಅನ್ಸಿದ್ರೆ ವಾಪಸ್ ಕೊಡೋಣ," ಎಂದರು ಅತ್ತೆ.

ಅವನು ಬೆಂಚಿನ ತುದಿಯಲ್ಲಿ ಕೂತ. ಕಾಲು ಚಾಚಿದ. ನ್ಯಾಯಾಧೀಶನ ಗತ್ತಿನಲ್ಲಿ ಕೈ ಕಟ್ಟಿದ. "ಕೇಳಿಸ್ತಾ ಇದೆಯಾ? ಈಗ ನೀನೇ ಹೇಳು. ಇಂಥದ್ರಲ್ಲಿ ಒಬ್ಬ ಮನುಷ್ಯ..." ಎಂದ. ಸ್ವಲ್ಪ ತಡೆದು, "ಒಬ್ಬ ಮನುಷ್ಯ ಹೇಗೆ..." ಎಂದ.

ಮುಂದಿನ ಮಾತು ಬರಲಿಲ್ಲ. ಪರದೆಯಕ್ಕ ತಿರುಗಿ ನೋಡಿದಳು. ತಲೆ ಎದೆಗೆ ಬಿದ್ದಿತ್ತು. ಯಾರೋ ಒದ್ದ ಚೆಂಡು ಬಂದು ಅವನ ಬೂಟಿಗೆ ಬಡಿಯಿತು, ಅಲುಗಲಿಲ್ಲ. ಹಿಂದೆಯೇ ಬಂದ ಹುಡುಗಿ ಅವನ ಮಂಡಿಯ ಕೆಳಗೆ ತೂರಿ ಚೆಂಡು ಎತ್ತಿಕೊಂಡು ಓಡಿದಳು; ಊಹೂಂ. ಬುಗುರಿ ಅಪ್ಪನ ಕಿವಿಯ ಹತ್ತಿರವೇ "ಅಮ್ಮಾ, ನೀರು!" ಎಂದು ಕಿರುಚಿದ. ಉತ್ತರವಾಗಿ ಗೊರಕೆ ಶುರುವಾಯಿತು.

ಪರದೆಯಕ್ಕ ಬೆಪ್ಪಾಗಿ ಕೂತಳು. ಮನೆಯಲ್ಲಿ ಚಮಚ ಬಿದ್ದರೆ ಏಳುವ ಗಂಡ ಇವನೇನಾ?

ಅಷ್ಟರಲ್ಲಿ ಅವಳ ಕಣ್ಣು ಕಿರುದಾರಿಯ ಕಡೆ ಹೋಯಿತು. ನೀಲಿ ಬಾಗಿಲಿನ ಮುಂದೆ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಮನೆಯೊಡತಿ ಕೀಲಿಗೊಂಚಲು ಹಿಡಿದು ಇಳಿದು ಬರುತ್ತಿದ್ದರು. "ರೀ..." ಎಂದು ಗಂಡನ ಭುಜಕ್ಕೆ ಕೈ ಹಾಕಿದಳು.

ಅತ್ತೆ ಆ ಕೈ ಹಿಡಿದುಕೊಂಡರು. "ಎಬ್ಬಿಸ್ಬೇಡ ಕಣೇ."

"ಅತ್ತೆ, ಅವರನ್ನ ಕೇಳದೆ..."

"ಕೇಳೋದೇನು? ಹೆತ್ತವಳು ನಾನು ಹೇಳ್ತೀನಿ, ಉತ್ತರ ಕೊಟ್ಟಾಯ್ತು ಅವನು. ಗೊರಕೆ ಹೊಡೀತಾ ಇದಾನಲ್ಲ, ಇನ್ನೇನು ಬೇಕು? ಮಕ್ಕಳನ್ನ ನಾನು ನೋಡ್ಕೋತೀನಿ. ಓಡು!"

ಪರದೆಯಕ್ಕ ಓಡಿದಳು. ಮದುವೆಯಾದ ಮೇಲೆ ಬಸ್ಸು ಹಿಡಿಯಲು ಬಿಟ್ಟು ಮತ್ತೆ ಯಾತಕ್ಕೂ ಹೀಗೆ ಓಡಿದವಳಲ್ಲ. ಗೇಟಿನ ಚಿಲಕ ಕೈಗೆ ಸಿಗಲಿಲ್ಲ, ಸಿಕ್ಕಿತು. ಒಂದು ಚಪ್ಪಲಿ ಕಿತ್ತುಹೋಯಿತು, ಅದನ್ನು ಕೈಯಲ್ಲೇ ಹಿಡಿದಳು. ನೀಲಿ ಬಾಗಿಲು ಹಾರು ಹೊಡೆದಿತ್ತು. ಒಳಗೆ ಆ ದಂಪತಿ ಸೋಫಾ ಎಲ್ಲಿಡುವುದೆಂದು ಮಾತಾಡುತ್ತಿದ್ದರು.

"ಸೋಫಾ ಹಿಡಿಸುತ್ತೆ. ಆದ್ರೆ ಈ ಸದ್ದು..." ಎನ್ನುತ್ತಿದ್ದ ಗಂಡಸು. "ಇನ್ನೊಂದು ವಾರ ಯೋಚನೆ ಮಾಡಿ..."

"ಹೂಂ!" ಎಂದಳು ಪರದೆಯಕ್ಕ ಹೊಸ್ತಿಲಲ್ಲಿ ನಿಂತು. ಮತ್ತೇನನ್ನೂ ಹೇಳಲು ಉಸಿರೇ ಇರಲಿಲ್ಲ. "ಹೂಂ. ನಮಗೆ ಮನೆ ಬೇಕು. ಹೂಂ."

ಒಡತಿ ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿದರು. "ನಿಮ್ಮ ಮನೆಯವರು ಒಪ್ಪಿದ್ರಾ?"

"ಅಗೋ ನೋಡಿ." ಕಿಟಕಿಯಾಚೆ ಕೈ ತೋರಿಸಿದಳು. ಬೆಂಚಿನ ಮೇಲೆ ಅವನು ಈಗ ಪೂರ್ತಿ ಅಡ್ಡಾಗಿದ್ದ. ತಾಯಿಯ ತೊಡೆಯ ಮೇಲೆ ತಲೆ, ಅವರು ಸೆರಗಿನಿಂದ ಗಾಳಿ ಬೀಸುತ್ತಿದ್ದರು. "ಒಪ್ಪಿಕೊಂಡು ಮಲಗಿಬಿಟ್ಟಿದಾರೆ."

ಒಡತಿಗೆ ನಗು ತಡೆಯಲಾಗಲಿಲ್ಲ. ಆ ಇನ್ನೊಬ್ಬ ಹೆಂಗಸಿಗೆ ನಗು ಬರಲಿಲ್ಲ. "ನಾವು ಇನ್ನೂ ನೋಡ್ತಾ ಇದ್ವಲ್ಲ," ಎಂದು ಮುಖ ಸಣ್ಣದು ಮಾಡಿಕೊಂಡಳು. ಪರದೆಯಕ್ಕನಿಗೂ ಒಳಗೊಳಗೇ ಚುಚ್ಚಿತು. ಆದರೆ ಹಿಂದೆ ಸರಿಯಲಿಲ್ಲ. "ಬಿಡು, ನಮಗೆ ಈ ಗಲಾಟೆ ಆಗಿಬರಲ್ಲ," ಎಂದು ಗಂಡಸು ಹೆಂಡತಿಯನ್ನು ಕರೆದುಕೊಂಡು ಹೊರಟ. ಕೀಲಿ ಪರದೆಯಕ್ಕನ ಅಂಗೈಗೆ ಬಂತು.

ಗಂಡ ಎದ್ದಾಗ ಬಿಸಿಲು ಹಳದಿಯಾಗಿತ್ತು. ಕಣ್ಣುಜ್ಜಿಕೊಂಡು, ಎಲ್ಲಿದ್ದೇನೆಂದು ತಿಳಿಯದೆ ಮರ ನೋಡಿದ, ಅಮ್ಮನನ್ನು ನೋಡಿದ. "ಎಷ್ಟು ದಿನ ಆಗಿತ್ತು ಹೀಗೆ ನಿದ್ದೆ ಮಾಡಿ," ಎಂದ. ಆಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ನೆಟ್ಟಗೆ ಎದ್ದು ಕೂತ.

"ಬೇಕರೀಲಿ ಹಿಟ್ಟು ನಾದೋ ಯಂತ್ರ ಗಡಗಡ ಅಂತಿದ್ರೂ ಮೂಟೆ ಮೇಲೆ ಒರಗಿದ್ರೆ ನಿದ್ದೆ ಬರುತ್ತೆ ನನಗೆ," ಎಂದ. "ಮನೇಲಿ ನೀವೆಲ್ಲ ಪಿಸುಪಿಸು ಅಂದ್ರೆ, ಏನಾಯ್ತೋ, ಯಾರಿಗೇನಾಯ್ತೋ ಅಂತ ಕಿವಿ ನೆಟ್ಟಗಾಗುತ್ತೆ. ಇಲ್ಲಿ ಎಲ್ಲಾ ಕೇಳಿಸ್ತಾ ಇದೆಯಲ್ಲ, ಎಲ್ಲರೂ ಚೆನ್ನಾಗಿದಾರೆ ಅಂತ ಗೊತ್ತಾಗ್ತಿತ್ತು." ಮರಳಿನ ಕಡೆ ನೋಡಿ ದನಿ ಇಳಿಸಿದ. "ಪಾಪ, ಮಕ್ಕಳನ್ನ ಸುಮ್ಮನೆ ಮೂಗರ ಹಾಗೆ ಬೆಳೆಸಿದ್ವಲ್ಲೇ."

ಅವಳು ಕೀಲಿಯನ್ನು ಅವನ ಕೈಗಿಟ್ಟಳು.

"ಇದೇನು? ನನ್ನ ಕೇಳದೇನಾ?"

"ಕೇಳಿದೆ ರೀ. ನೀವು ಗೊರ್ ಅಂದ್ರಿ."

ಅವನು ನಕ್ಕ ನಗೆಗೆ ಬುಗುರಿ ಮರಳಿನಿಂದ ತಲೆಯೆತ್ತಿ ನೋಡಿದ. ಅಪ್ಪ ಹಾಗೆ ನಗುವುದನ್ನು ಮಗ ಕಂಡಿರಲೇ ಇಲ್ಲ.

ಬಂದ ಭಾನುವಾರವೇ ಮನೆ ಬದಲಿಸಿದರು. ಮೈದುನನ ವ್ಯಾನು ನಾಲ್ಕಾರು ಸಲ ಓಡಾಡಿತು. "ನಾನು ತೋರಿಸಿದ ಮನೇಗೆ ಏನಾಗಿತ್ತು ಅತ್ತಿಗೆ?" ಎಂದು ಅವನು ಪ್ರತಿ ಸಲವೂ ಗೊಣಗಿದ. ಹೊಸ ಮನೆಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಅಡುಗೆಮನೆ ಇಕ್ಕಟ್ಟು, ಬಚ್ಚಲಿನ ಬಾಗಿಲು ಎತ್ತಿ ಹಾಕಬೇಕು, ಹಿಂದಿನವರು ಗೋಡೆಗೆ ಹೊಡೆದ ಮೊಳೆಗಳಿಗೆ ಲೆಕ್ಕವಿಲ್ಲ. ಮಂಚ ಜೋಡಿಸಿದ್ದೇ ತಡ, ಗಂಡ ಕಿಟಕಿ ಪೂರ್ತಿ ತೆರೆದಿಟ್ಟು ಮಲಗಿದ.

ಬಾಗಿಲು ತಟ್ಟಿದ ಸದ್ದು. ತೆರೆದರೆ ಪಾರ್ಕಿನ ಐದಾರು ಮಕ್ಕಳು, ಮುಂದೆ ಅವತ್ತಿನ ದಾಂಡಿಗ ಹುಡುಗ. "ಆಂಟಿ, ಆ ಜೋರು ದನಿಯವರಿಬ್ಬರು ಇದಾರಾ? ಆಟಕ್ಕೆ ಬೇಕು." ಪರದೆಯಕ್ಕ ಕರೆಯುವ ಮೊದಲೇ ಗುಬ್ಬಿ ಬುಗುರಿ ಅವಳ ಕಂಕುಳ ಕೆಳಗಿನಿಂದ ನುಸುಳಿ ಮಾಯವಾದರು. ಹಿಂದೆಯೇ ಮನೆಯೊಡತಿ ಮಹಡಿಯಿಂದ ಇಳಿದು, "ನಿಮ್ಮ ಅತ್ತೆಯವರು ನಡೆಯೋಕೆ ಬರ್ತಾರಂತಲ್ಲ?" ಎಂದರು. ಯಾವಾಗ ಗೆಳೆತನ ಕುದುರಿತೋ ದೇವರೇ ಬಲ್ಲ. ಅತ್ತೆ ಆಗಲೇ ತಲೆ ಬಾಚಿಕೊಂಡು ಕೋಲು ಹಿಡಿದು ಕೂತಿದ್ದರು.

"ಪಾತ್ರೆ ಡಬ್ಬ ಎಲ್ಲಿದೆ ಅತ್ತೆ? ಅಡುಗೆ ಆಗಬೇಕಲ್ಲ," ಎಂದಳು ಪರದೆಯಕ್ಕ.

"ಹುಡುಕಿದ್ರೆ ಸಿಗುತ್ತೆ. ಇಲ್ಲಾಂದ್ರೆ ಅವನು ತಂದಿರೋ ಬ್ರೆಡ್ಡಿದೆ. ಬಿಸಿಲು ಮತ್ತೆ ಸಿಗಲ್ಲ ಕಣೇ, ನೀನೂ ಬಾ."

ಕಟ್ಟು ಬಿಚ್ಚದ ಡಬ್ಬಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಪರದೆಯಕ್ಕ ಒಂದು ಗಳಿಗೆ ಅವುಗಳ ಕಡೆ ನೋಡಿದಳು. ಆಮೇಲೆ ಬ್ರೆಡ್ಡಿನ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲು ಮುಂದೆ ಮಾಡಿ, ಅವರ ಹಿಂದೆ ದಾರಿ ದಾಟಿದಳು.